ನಿಮ್ಮೂರಿನ ಹಿರಿಯ ಕಲಾವಿದರಿಗೆ ಸಂಸ್ಕೃತಿ ಸಚಿವಾಲಯದ ನೆರವು ಕೊಡಿಸುವುದು ಹೇಗೆ?

ನಮ್ಮೂರಿನ ದೊಡ್ಡಾಟದ ಹಿರಿಯರೊಬ್ಬರ ಮಾಸಾಶನದ ಅರ್ಜಿ ಎರಡು ಸಲ ವಾಪಸ್ ಬಂತು. ಮೊದಲ ಸಲ, ಆಧಾರ್‌ನಲ್ಲಿ ಒಂದು ಹೆಸರು, ಕರಪತ್ರದಲ್ಲಿ ಇನ್ನೊಂದು ಹೆಸರು ಅಂತ. ಎರಡನೇ ಸಲ, ಕಲಾಸೇವೆಗೆ ಪುರಾವೆ ಸಾಲದು ಅಂತ. ನಲವತ್ತು ವರ್ಷ ಭೀಮನ ಪಾತ್ರ ಕಟ್ಟಿದ ಮನುಷ್ಯ ಅವರು. ಸುತ್ತಲ ಹತ್ತೂರಲ್ಲಿ ಅವರ ಹೆಜ್ಜೆಯ ಸಪ್ಪಳ ಗುರುತಿಸುವವರಿದ್ದಾರೆ. ಆದರೆ ತಾನು ಭೀಮನಾಗಿದ್ದೆ ಎಂದು ತೋರಿಸಲು, ಹೆಸರು ಹೊಂದದ ಆ ಕರಪತ್ರ ಬಿಟ್ಟರೆ, ಅವರ ಕೈಯಲ್ಲಿ ಬೇರೆ ಒಂದು ಚೀಟಿಯೂ ಇರಲಿಲ್ಲ. ಮೂರನೇ ಸಲ ನಾವು ನಾಲ್ಕು ಜನ ಕೂತು ಕಾಗದ ಹೊಂದಿಸಿದೆವು, ಆಗ ಕೆಲಸ ಆಯಿತು.

ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕಲಾವಿದರಿಗಿಂತ ಹೆಚ್ಚಾಗಿ ಅವರ ಮಕ್ಕಳು, ಮೊಮ್ಮಕ್ಕಳು, ಶಿಷ್ಯರು ಮತ್ತು ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವ ಊರಿನ ಹುಡುಗ ಹುಡುಗಿಯರಿಗಾಗಿ. ಅರ್ಜಿಗಳು ಬೀಳುವುದು ಕಲೆ ಕಡಿಮೆಯಾಗಿ ಅಲ್ಲ, ಕಾಗದ ಕಡಿಮೆಯಾಗಿ. ಆ ಕಾಗದ ಹುಡುಕಲು ಬೇಕಾದ ನೆನಪು ಹಿರಿಯರ ತಲೆಯಲ್ಲಿ ಮಾತ್ರ ಇರುತ್ತದೆ. ಅದಕ್ಕೇ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಬೇಡಿ.

ಮೊದಲು, ಯಾವ ಬಾಗಿಲು ಬಡಿಯಬೇಕು?

ಕೇಂದ್ರ ಸರ್ಕಾರದಲ್ಲಿ ಕಲೆ ಮತ್ತು ಪರಂಪರೆಯ ಹೊಣೆ ಹೊತ್ತಿರುವುದು ಸಂಸ್ಕೃತಿ ಸಚಿವಾಲಯ. ಹಂಪಿ, ಪಟ್ಟದಕಲ್ಲುಗಳನ್ನು ಕಾಯುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇದರ ಅಡಿಯಲ್ಲೇ ಬರುತ್ತದೆ. ಸಂಗೀತ ನಾಟಕ ಅಕಾಡೆಮಿ, ಸಾಹಿತ್ಯ ಅಕಾಡೆಮಿ, ಲಲಿತಕಲಾ ಅಕಾಡೆಮಿ, ರಾಷ್ಟ್ರೀಯ ನಾಟಕ ಶಾಲೆ ಇವೆಲ್ಲ ಇದರ ಸ್ವಾಯತ್ತ ಸಂಸ್ಥೆಗಳು. ಆದರೆ ಹಳ್ಳಿಯ ಕಲಾವಿದರಿಗೆ ಇವೆಲ್ಲಕ್ಕಿಂತ ಹತ್ತಿರದವು ವಲಯ ಸಾಂಸ್ಕೃತಿಕ ಕೇಂದ್ರಗಳು. ದೇಶದಲ್ಲಿ ಇಂಥವು ಏಳು ಇವೆ. ನಮ್ಮ ಕರ್ನಾಟಕ ತಂಜಾವೂರಿನ ದಕ್ಷಿಣ ವಲಯ ಕೇಂದ್ರಕ್ಕೂ ನಾಗಪುರದ ದಕ್ಷಿಣ ಮಧ್ಯ ವಲಯ ಕೇಂದ್ರಕ್ಕೂ ಸದಸ್ಯ ರಾಜ್ಯ. ಎರಡು ಬಾಗಿಲು ಇವೆ ಎಂಬುದು ನಮ್ಮ ಕಡೆಯ ಎಷ್ಟೋ ಮೇಳಗಳಿಗೆ ಗೊತ್ತೇ ಇಲ್ಲ.

ಒಂದು ಮಾತು: ಕಂಬಳಿ ನೇಯುವವರು, ಬಿದರಿ ಕೆಲಸದವರು, ಕಿನ್ನಾಳದ ಗೊಂಬೆ ಮಾಡುವವರು ಈ ಸಚಿವಾಲಯಕ್ಕೆ ಅರ್ಜಿ ಹಾಕಿ ಕಾಯುತ್ತಿರುತ್ತಾರೆ. ಕರಕುಶಲ ಮತ್ತು ಕೈಮಗ್ಗ ಬರುವುದು ಜವಳಿ ಸಚಿವಾಲಯದ ಅಡಿಯಲ್ಲಿ, ಅವರ ಗುರುತಿನ ಚೀಟಿ, ಯೋಜನೆಗಳೇ ಬೇರೆ. ನಿಮ್ಮ ಮನೆಯ ಹಿರಿಯರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಟ್ರಂಕು ತೆಗೆಯಿರಿ

ಇಡೀ ಕೆಲಸದ ಜೀವಾಳ ಇಲ್ಲಿದೆ. ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ಚಹಾ ಕುಡಿಯುತ್ತ, ಅವಸರ ಮಾಡದೆ, ಹಿರಿಯರ ಪಕ್ಕದಲ್ಲಿ ಕೂತುಕೊಳ್ಳಿ. ಮನೆಯಲ್ಲಿ ಒಂದು ಟ್ರಂಕು, ಇಲ್ಲವೇ ಜಂತಿಗೆ ಸಿಕ್ಕಿಸಿದ ಒಂದು ಚೀಲ ಇದ್ದೇ ಇರುತ್ತದೆ. ಮೊದಲು ಹೇಳಿದ ಆ ಹಿರಿಯರ, ಅಂದರೆ ನಮ್ಮ ಅಜ್ಜನ, ಟ್ರಂಕಿನಲ್ಲಿ ಮೇಲೆ ಭುಜಕೀರ್ತಿ, ಅದರ ಕೆಳಗೆ ಬೇಗಡೆ ಕಿತ್ತುಹೋದ ಕಿರೀಟ, ತಳದಲ್ಲಿ ಹಾಸಿದ ಕಾಗದ. ಆ ತಳದ ಕಾಗದವನ್ನು ಎಳೆದು ನೋಡಿದರೆ ಅದೊಂದು ಹಳೆಯ ಕರಪತ್ರ! ಮೂವತ್ತು ವರ್ಷದಿಂದ ಟ್ರಂಕಿನ ತುಕ್ಕು ಬಟ್ಟೆಗೆ ತಾಗದಿರಲಿ ಅಂತ ಹಾಸಿದ್ದರು. ಗುಲಾಬಿ ಬಣ್ಣದ ಹಾಳೆ, ಅಂಚು ಕಂದು ತಿರುಗಿದೆ, ನಡುವೆ ಭೀಮಸೇನನ ಪಾತ್ರದ ಎದುರು ಅವರ ಹೆಸರು.

"ಇದನ್ಯಾಕ ತಗೀತಿ ತಮ್ಮಾ, ಹಳೇ ಕಾಗದ ಅದು" ಅಂದರು ಅಜ್ಜ. ಆ ಹಳೇ ಕಾಗದವೇ ಮುಂದೆ ಅರ್ಜಿಯ ಮೊದಲ ಪುಟವಾಯಿತು.

ಏನೇನು ಹುಡುಕಬೇಕು: ಕರಪತ್ರ, ಜಾತ್ರೆಯ ಆಮಂತ್ರಣ ಪತ್ರಿಕೆ, ಸನ್ಮಾನ ಪತ್ರ, ಪೇಪರಿನ ತುಣುಕು, ಫೋಟೊ. ಆಕಾಶವಾಣಿಯಲ್ಲಿ ಹಾಡಿದ್ದರೆ ಅಲ್ಲಿಂದ ಬಂದ ಕರಾರು ಪತ್ರ ಬಹಳ ಬೆಲೆಯುಳ್ಳದ್ದು, ಏಕೆಂದರೆ ಅದರಲ್ಲಿ ದಿನಾಂಕ, ಹೆಸರು, ಕಲಾಪ್ರಕಾರ ಮೂರೂ ಇರುತ್ತವೆ. ಧಾರವಾಡ ಆಕಾಶವಾಣಿ 1950ರಿಂದ ನಡೆಯುತ್ತಿದೆ, ನಮ್ಮ ಭಾಗದ ಭಜನೆ, ಗೀಗೀ, ಡೊಳ್ಳಿನ ಮೇಳದವರಲ್ಲಿ ಎಷ್ಟೋ ಮಂದಿ ಅಲ್ಲಿ ಹಾಡಿ ಬಂದಿದ್ದಾರೆ. ಅಂಥ ಪತ್ರ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಜೊತೆಗೆ ಹೋಗಿದ್ದ ಸಹಗಾಯಕರ ಮನೆಯಲ್ಲೂ ಕೇಳಿ. ದಸರಾ, ಉತ್ಸವಗಳಲ್ಲಿ ಇಲಾಖೆ ಕೊಟ್ಟ ಪ್ರಮಾಣಪತ್ರ ಇದ್ದರೆ ಅದೂ ಆಗುತ್ತದೆ.

ಹಳೆಯ ಕರಪತ್ರಗಳಲ್ಲಿ ಒಂದು ತೊಡಕು ಇದೆ. ಅವುಗಳಲ್ಲಿ ದವನದ ಹುಣ್ಣಿಮೆ, ಸೋಮವಾರ, ರಾತ್ರಿ 10 ಗಂಟೆ ಎಂದೆಲ್ಲ ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ಗಾಬರಿ ಬೇಡ. ಮೇಲ್ಭಾಗದಲ್ಲಿ ಸಂವತ್ಸರದ ಹೆಸರು ಇದೆಯೇ ನೋಡಿ. ಪ್ರಭವ ಎಂದಿದ್ದರೆ ಅದು 1987ರ ಯುಗಾದಿಯಿಂದ ಮುಂದಿನ ಯುಗಾದಿವರೆಗಿನ ವರ್ಷ. ಶುಕ್ಲ ಎಂದಿದ್ದರೆ 1989–90. ಸಂವತ್ಸರ ಮರಳುವುದು 60 ವರ್ಷಕ್ಕೊಮ್ಮೆ, ಹಾಗಾಗಿ ಒಬ್ಬರ ಆಯುಷ್ಯದಲ್ಲಿ ಲೆಕ್ಕ ತಪ್ಪುವ ಸಂಭವ ಕಡಿಮೆ. ಮನೆಯ ಐನೋರೋ ಆಚಾರ್ಯರೋ ಪಂಚಾಂಗ ನೋಡಿ ಎರಡು ನಿಮಿಷದಲ್ಲಿ ಹೇಳುತ್ತಾರೆ. ಹೀಗೆ ಸಿಕ್ಕ ಇಸವಿಯನ್ನು ಕರಪತ್ರದ ಮೇಲೆ ಬರೆಯಬೇಡಿ. ಪ್ರತ್ಯೇಕ ಹಾಳೆಯಲ್ಲಿ ಪಟ್ಟಿ ಮಾಡಿ: ಕ್ರಮ ಸಂಖ್ಯೆ, ಇಸವಿ, ಊರು, ಆಟದ ಹೆಸರು, ಮಾಡಿದ ಪಾತ್ರ.

ಹಳೆಯ ಹಾಳೆಗೆ ಲ್ಯಾಮಿನೇಶನ್ ಮಾಡಿಸಬೇಡಿ. ಶಾಖಕ್ಕೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ. ಫೋನಿನಲ್ಲಿ ಸ್ಕ್ಯಾನ್ ಮಾಡುವಾಗ ಹಗಲಿನ ಬೆಳಕಿನಲ್ಲಿ, ಕಟ್ಟೆಯ ಮೇಲೆ ಇಟ್ಟು ಮಾಡಿ. ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಮಚ್ಚೆ ಬಂದು ಹೆಸರೇ ಅಳಿಸಿಹೋಗುತ್ತದೆ. ಫೋಟೊಗಳ ಹಿಂದೆ ಯಾರು, ಯಾವ ಊರು ಎಂದು ಹಿರಿಯರನ್ನು ಕೇಳಿ ಪೆನ್ಸಿಲ್‌ನಲ್ಲಿ ಬರೆದಿಡಿ.

ಏನೂ ಸಿಗದಿದ್ದರೆ? ಹೆಣ್ಣುಮಕ್ಕಳ ವಿಷಯದಲ್ಲಿ ಹೀಗಾಗುವುದೇ ಹೆಚ್ಚು. ಸೋಬಾನೆ, ಬೀಸುವ ಪದ, ಚೌಡಿಕೆ ಪದ ಹಾಡುವ ತಾಯಂದಿರಿಗೆ ಕರಪತ್ರ ಅಚ್ಚು ಹಾಕಿದವರು ಯಾರು? ಆಗ ಬದುಕಿರುವವರ ಸಾಕ್ಷಿ ಬೇಕು. ಗ್ರಾಮ ಪಂಚಾಯಿತಿ, ದೇವಸ್ಥಾನ ಸಮಿತಿ, ಶಾಲೆಯ ಮುಖ್ಯ ಗುರುಗಳು, ಈ ಕಲೆಯ ಮೇಲೆ ಅಧ್ಯಯನ ಮಾಡಿದ ಪ್ರಾಧ್ಯಾಪಕರು ಇವರಿಂದ ಪತ್ರ ತನ್ನಿ. ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಕ್ಷೇತ್ರಕಾರ್ಯ ಮಾಡಿದ ವಿದ್ಯಾರ್ಥಿಗಳು ನಿಮ್ಮೂರಿಗೆ ಬಂದು ಹಾಡು ಬರೆದುಕೊಂಡು ಹೋಗಿದ್ದರೆ ಅದೂ ಒಳ್ಳೆಯ ದಾಖಲೆ. ಪತ್ರದಲ್ಲಿ "ಉತ್ತಮ ಕಲಾವಿದೆ" ಎಂಬ ಒಂದೇ ಸಾಲು ಸಾಲದು. ಯಾವ ಇಸವಿಯಿಂದ ಬಲ್ಲೆವು, ಎಲ್ಲಿ ಹಾಡಿದ್ದು ಕೇಳಿದ್ದೇವೆ ಎಂದು ಬರೆಸಿ.

ಕೊನೆಗೆ ಒಂದು ವಿಡಿಯೊ. ಐದು ನಿಮಿಷ ಸಾಕು. ಮೊದಲು ಹಿರಿಯರೇ ತಮ್ಮ ಹೆಸರು, ಊರು, ಗುರುವಿನ ಹೆಸರು ಹೇಳಲಿ, ಆಮೇಲೆ ಹಾಡಲಿ, ಕುಣಿಯಲಿ, ನುಡಿಸಲಿ. ಫೋನನ್ನು ಅಡ್ಡ ಹಿಡಿಯಿರಿ, ಮದ್ದಳೆಯಿಂದ ಸ್ವಲ್ಪ ದೂರ ಇಡಿ, ಇಲ್ಲದಿದ್ದರೆ ದನಿ ಮುಚ್ಚಿಹೋಗುತ್ತದೆ.

ಪರಿಚಯ ಪತ್ರ: ಒಂದೇ ಪುಟ

"ಚಿಕ್ಕಂದಿನಿಂದಲೇ ಕಲೆಯಲ್ಲಿ ಅಪಾರ ಆಸಕ್ತಿ ಹೊಂದಿದ್ದ ಇವರು" ಎಂದು ಶುರು ಮಾಡಬೇಡಿ. ಪ್ರತಿ ಅರ್ಜಿಯಲ್ಲೂ ಅದೇ ಸಾಲು ಇರುತ್ತದೆ, ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "1974ರಲ್ಲಿ ಊರ ದ್ಯಾಮವ್ವನ ಜಾತ್ರೆಯ ದೊಡ್ಡಾಟದಲ್ಲಿ ಸಾರಥಿಯ ಪಾತ್ರದಿಂದ ರಂಗಕ್ಕೆ ಬಂದರು. ಆರು ವರ್ಷದ ನಂತರ ಭೀಮನ ಪಾತ್ರ. ಈಗ ಆಟದ ಮಾಸ್ತರರಾಗಿ ಊರಿನ ಹದಿನಾಲ್ಕು ಹುಡುಗರಿಗೆ ಕಲಿಸುತ್ತಿದ್ದಾರೆ." ಯಾರಿಂದ ಕಲಿತರು, ಯಾರಿಗೆ ಕಲಿಸಿದರು ಎರಡೂ ಇರಲಿ. ಇವರ ಹತ್ತಿರ ಆಟದ ಕೈಬರಹದ ಪ್ರತಿ ಇದ್ದರೆ ಅದನ್ನು ಹೇಳಲೇಬೇಕು. ಕೇಂದ್ರಕ್ಕೆ ಹೋಗುವ ಅರ್ಜಿಗೆ ಇದೇ ಪುಟದ ಇಂಗ್ಲಿಷ್ ಇಲ್ಲವೇ ಹಿಂದಿ ಪ್ರತಿಯೂ ಜೊತೆಗಿರಲಿ. ದೊಡ್ಡಾಟ ಎಂದರೇನು ಎಂದು ಎರಡು ಸಾಲು ಅಲ್ಲಿ ಸೇರಿಸಿ, ಓದುವವರು ನಮ್ಮ ಕಡೆಯವರೇ ಆಗಿರಬೇಕೆಂದಿಲ್ಲ.

ಹೆಸರು ಒಂದೇ ಮಾಡಿ

ಆಧಾರ್‌ನಲ್ಲಿ ಬಸವರಾಜ, ಕರಪತ್ರದಲ್ಲಿ ಬಸಪ್ಪ, ಊರ ಬಾಯಲ್ಲಿ ಬಸಣ್ಣ ಮಾಸ್ತರ. ಊರಿಗೆ ಇವರು ಒಬ್ಬರೇ, ಕಂಪ್ಯೂಟರಿಗೆ ಮೂವರು. ಈ ಮೂರೂ ಹೆಸರಿನ ವ್ಯಕ್ತಿ ತಾನೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಹೆಸರುಗಳನ್ನು ಅಕ್ಷರ ತಪ್ಪದೆ ಅದರಲ್ಲಿ ಬರೆಸಿ. ಆಧಾರ್‌ನಲ್ಲಿ ವಯಸ್ಸು ತಪ್ಪಿದ್ದರೆ ಅರ್ಜಿಗೆ ಮೊದಲೇ ತಿದ್ದಿಸಿ. ಹಿರಿಯರ ಆಧಾರ್‌ಗಳಲ್ಲಿ ಹುಟ್ಟಿದ ವರ್ಷ ಅಂದಾಜಿನದು ಇರುವುದೇ ಹೆಚ್ಚು, ವಯಸ್ಸು ಎರಡು ವರ್ಷ ಕಡಿಮೆ ನಮೂದಾದರೂ ಅರ್ಹತೆ ಮುಂದಕ್ಕೆ ಹೋಗುತ್ತದೆ.

ಬ್ಯಾಂಕಿನಲ್ಲಿ ಅವರೊಬ್ಬರದೇ ಹೆಸರಿನ ಖಾತೆ ಇರಲಿ, ಆಧಾರ್ ಜೋಡಣೆ ಆಗಿದೆಯೇ ಎಂದು ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ವರ್ಷಗಟ್ಟಲೆ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ನೂರು ರೂಪಾಯಿ ತುಂಬಿ, ಕೆವೈಸಿ ಮಾಡಿಸಿ ಅದಕ್ಕೆ ಜೀವ ಕೊಡಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ತೆಗೆಸಿ.

ಮೊದಲು ರಾಜ್ಯ, ಆಮೇಲೆ ಕೇಂದ್ರ

ಈ ಕ್ರಮ ತಪ್ಪಿಸಬೇಡಿ. ಕೇಂದ್ರದ ಹಿರಿಯ ಕಲಾವಿದರ ನೆರವಿಗೆ ಅರ್ಜಿ ಹಾಕುವವರು ರಾಜ್ಯದಿಂದ ಆಗಲೇ ತಿಂಗಳಿಗೆ ಕನಿಷ್ಠ 500 ರೂಪಾಯಿ ಕಲಾವಿದರ ಮಾಸಾಶನ ಪಡೆಯುತ್ತಿರಬೇಕು ಎಂಬ ನಿಯಮವಿದೆ. ಹಾಗಾಗಿ ನೇರ ದಿಲ್ಲಿಗೆ ಬರೆದರೆ ಪ್ರಯೋಜನ ಇಲ್ಲ.

ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಜಿಲ್ಲಾ ಕೇಂದ್ರದಲ್ಲಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ ಇದೆ. ಮಾಸಾಶನಕ್ಕೆ 58 ವರ್ಷ ತುಂಬಿರಬೇಕು, ಅರ್ಜಿ ಸೇವಾ ಸಿಂಧು ಜಾಲತಾಣದ ಮೂಲಕ. ಗ್ರಾಮ ಒನ್ ಕೇಂದ್ರದಲ್ಲಿ ಹಾಕಿಸಿದರೂ ನೀವು ಪಕ್ಕದಲ್ಲೇ ಕೂತಿರಿ. ಕಲಾಪ್ರಕಾರದ ಜಾಗದಲ್ಲಿ ದೊಡ್ಡಾಟ ಎನ್ನುವ ಬದಲು ನಾಟಕ ಎಂದು ತುಂಬಿಬಿಟ್ಟರೆ ಕಡತ ಬೇರೆ ದಾರಿ ಹಿಡಿಯುತ್ತದೆ. ಅರ್ಜಿ ಸಂಖ್ಯೆಯನ್ನು ಫೋಟೊ ತೆಗೆದಿಡಿ, ಹಿರಿಯರ ಡೈರಿಯಲ್ಲೂ ಬರೆಯಿರಿ.

ಕಲಾವಿದರನ್ನು ಸಂದರ್ಶನಕ್ಕೆ ಕರೆಯುವುದುಂಟು. ನಮ್ಮ ಅಜ್ಜನನ್ನೂ ಕರೆದರು. ಬಸ್ಸಿನಲ್ಲಿ ಎರಡು ತಾಸು, ಆಮೇಲೆ ಬೆಂಚಿನ ಮೇಲೆ ಕಾಯುವುದು. ಊಟದ ಬುತ್ತಿ, ಮಾತ್ರೆ, ನೀರು ಜೊತೆಗಿರಲಿ. ಮೂಲ ದಾಖಲೆಗಳನ್ನು ಪಟ್ಟಿಯ ಕ್ರಮದಲ್ಲೇ ಜೋಡಿಸಿಕೊಂಡು ಹೋಗಿ. ಹಾರ್ಮೋನಿಯಂ ಹೊತ್ತೊಯ್ಯಲಾಗದಿದ್ದರೆ ತಾಳವಾದರೂ ಇರಲಿ. ಒಳಗೆ ಹೋದಾಗ ಅಜ್ಜನಿಗೆ ಹೆದರಿಕೆಯಿಂದ ಬಾಯಿ ಕಟ್ಟಿತ್ತು. ಎದುರು ಕೂತವರೊಬ್ಬರು "ಭೀಮನ ಒಂದು ಮಾತು ಹೇಳ್ರಿ ಯಜಮಾನ್ರ" ಅಂದರು. ಅಜ್ಜ ಕುರ್ಚಿಯಿಂದ ಎದ್ದು ನಿಂತು ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದರು. ಆಮೇಲೆ ಆ ಕೋಣೆಯಲ್ಲಿ ಬೇರೆ ಯಾರ ದನಿಯೂ ಇರಲಿಲ್ಲ.

ನಡುವೆ ಯಾರಾದರೂ "ನಾನು ಮಾಡಿಸಿಕೊಡ್ತೀನಿ, ಮೊದಲ ಮೂರು ತಿಂಗಳದ್ದು ನನಗೆ" ಎಂದು ಬಂದರೆ ಒಂದು ಪೈಸೆಯೂ ಕೊಡಬೇಡಿ, ಮೂಲ ದಾಖಲೆ ಕೈಗೆ ಕೊಡಲೇಬೇಡಿ. ಹೀಗೆ ಕೊಟ್ಟು ಕರಪತ್ರ, ಸನ್ಮಾನ ಪತ್ರ ಎರಡನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ. ಹಣಕ್ಕಿಂತ ಆ ಕಾಗದ ಹೋದದ್ದು ದೊಡ್ಡ ನಷ್ಟ.

ರಾಜ್ಯದ ಮಂಜೂರಾತಿ ಆದೇಶ ಕೈಗೆ ಬಂದ ಮೇಲೆ ಕೇಂದ್ರದ ಹಿರಿಯ ಕಲಾವಿದರ ಆರ್ಥಿಕ ನೆರವಿಗೆ ಹೊರಡಿ. ವಯಸ್ಸು 60 ದಾಟಿರಬೇಕು, ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು. ನೆರವು ತಿಂಗಳಿಗೆ ಗರಿಷ್ಠ 6,000 ರೂಪಾಯಿ. ಗರಿಷ್ಠ ಎಂಬ ಮಾತು ಮುಖ್ಯ, ಪೂರ್ತಿ ಆರು ಸಾವಿರ ಬಂದೇ ಬರುತ್ತದೆ ಎಂದು ಹಿರಿಯರಿಗೆ ಮಾತು ಕೊಡಬೇಡಿ. ಫಲಾನುಭವಿ ತೀರಿಕೊಂಡರೆ ಇದು ಗಂಡ ಅಥವಾ ಹೆಂಡತಿಗೆ ವರ್ಗವಾಗುತ್ತದೆ. ಅದಕ್ಕಾಗಿ ಅಜ್ಜಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಬ್ಬರೂ ಇರುವ ರೇಷನ್ ಕಾರ್ಡಿನ ಪ್ರತಿ ಇವನ್ನು ಈಗಲೇ ಫೈಲಿಗೆ ಸೇರಿಸಿಡಿ, ದುಃಖದ ಹೊತ್ತಿನಲ್ಲಿ ಹುಡುಕಾಡುವಂತಾಗಬಾರದು. ಪ್ರಕಟಣೆ ಸಚಿವಾಲಯದ ಜಾಲತಾಣದಲ್ಲೂ ವಲಯ ಕೇಂದ್ರಗಳ ಜಾಲತಾಣದಲ್ಲೂ ಬರುತ್ತದೆ. ಮೊತ್ತ, ಮಿತಿಗಳನ್ನು ಆಗಾಗ ಪರಿಷ್ಕರಿಸುವುದರಿಂದ ಅರ್ಜಿ ತುಂಬುವ ದಿನದ ಪ್ರಕಟಣೆಯನ್ನೇ ನಂಬಿ.

ಮೇಳಕ್ಕೆ ಏನು ಸಿಗುತ್ತದೆ?

ಮೇಳದ ಹೆಸರಿನಲ್ಲಿ ಕೇಳುವುದಾದರೆ ಮೊದಲು ಸಂಘವೋ ಟ್ರಸ್ಟೋ ನೋಂದಣಿ ಆಗಿರಬೇಕು. ಪ್ಯಾನ್, ಸಂಘದ ಹೆಸರಿನ ಬ್ಯಾಂಕ್ ಖಾತೆ, ಲೆಕ್ಕಪರಿಶೋಧಕರು ಸಹಿ ಮಾಡಿದ ಮೂರು ವರ್ಷದ ಲೆಕ್ಕಪತ್ರ, ನೀತಿ ಆಯೋಗದ ಎನ್‌ಜಿಒ ದರ್ಪಣ ಜಾಲತಾಣದ ಗುರುತಿನ ಸಂಖ್ಯೆ ಇವು ಹೊಂದಿಸಿಕೊಳ್ಳಿ. ಮೂರು ವರ್ಷದ ಲೆಕ್ಕ ಎಂದರೆ ಇವತ್ತು ಸಂಘ ಕಟ್ಟಿ ನಾಳೆ ಅನುದಾನ ಕೇಳಲಾಗದು ಎಂದೇ ಅರ್ಥ. ಇನ್ನೂ ನೋಂದಣಿ ಆಗದ ಮೇಳದವರು ಈ ವರ್ಷವೇ ಮಾಡಿಸಿ, ಸಣ್ಣ ಲೆಕ್ಕವಾದರೂ ಬರೆದಿಡಲು ಶುರು ಮಾಡಿ.

ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯ ಅಡಿಯಲ್ಲಿ ಹಲವು ನೆರವುಗಳಿವೆ. ನಮ್ಮ ಮೇಳಗಳಿಗೆ ಹೆಚ್ಚು ಹೊಂದುವುದು ರೆಪರ್ಟರಿ ಅನುದಾನ, ಅಂದರೆ ಗುರು–ಶಿಷ್ಯ ಪರಂಪರೆಯಲ್ಲಿ ಕಲಿಸುವ ತಂಡಗಳಿಗೆ ಕೊಡುವ ಹಣ. ಗುರುವಿಗೆ ತಿಂಗಳಿಗೆ 15,000 ರೂಪಾಯಿ. ಶಿಷ್ಯರಿಗೆ ವಯಸ್ಸಿನ ಪ್ರಕಾರ 2,000ದಿಂದ 10,000ದವರೆಗೆ. ರಂಗಭೂಮಿಯ ತಂಡವಾದರೆ ಒಬ್ಬ ಗುರು, ಹೆಚ್ಚೆಂದರೆ 18 ಶಿಷ್ಯರು. ಸಂಗೀತ, ನೃತ್ಯವಾದರೆ 10 ಶಿಷ್ಯರು. ದೊಡ್ಡಾಟದಲ್ಲಿ ಮುಮ್ಮೇಳ ಹಿಮ್ಮೇಳ ಸೇರಿ ಜನ ಹೆಚ್ಚು, ಆದ್ದರಿಂದ ರಂಗಭೂಮಿಯ ವಿಭಾಗದಲ್ಲಿ ಕೇಳುವುದು ಸೂಕ್ತ. ಶಿಷ್ಯರ ಪಟ್ಟಿಯಲ್ಲಿ ನಿಜವಾಗಿ ಬರುವವರ ಹೆಸರು ಮಾತ್ರ ಬರೆಯಿರಿ. ತುಂಬಿಸಲೆಂದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನ ಹೆಸರು ಸೇರಿಸಿದರೆ ಪರಿಶೀಲನೆಯ ದಿನ ಇಡೀ ಮೇಳದ ಮಾನ ಹೋಗುತ್ತದೆ.

ಚಿಕ್ಕ ಮಟ್ಟದಲ್ಲಿ ಶುರು ಮಾಡಬೇಕೆಂದರೆ ವಲಯ ಕೇಂದ್ರಗಳ ಗುರು–ಶಿಷ್ಯ ಯೋಜನೆ ಇದೆ: ಗುರುವಿಗೆ 7,500, ಪಕ್ಕವಾದ್ಯದವರಿಗೆ 3,750, ಶಿಷ್ಯರಿಗೆ ತಲಾ 1,500 ರೂಪಾಯಿ ತಿಂಗಳಿಗೆ. ಅಳಿವಿನ ಅಂಚಿಗೆ ಬಂದ ಕಲೆಗಳಿಗೆ ಇದು ಒಳ್ಳೆಯ ದಾರಿ. ನಮ್ಮಲ್ಲಿ ತೊಗಲು ಗೊಂಬೆಯಾಟ ಕೆಲವೇ ಮನೆತನಗಳಲ್ಲಿ ಉಳಿದಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅನೇಕರು ಆ ಕಲೆಯ ಹೆಸರನ್ನೇ ಮೊದಲ ಸಲ ಕೇಳಿದರು. ಕಲಿಸುವ ಕೈ ಗಟ್ಟಿ ಇರುವಾಗಲೇ ಕಲಿಯುವವರನ್ನು ಕೂಡಿಸಬೇಕು.

ಉತ್ಸವ, ಕಮ್ಮಟ, ಹೊಸ ಪ್ರಯೋಗಕ್ಕೆ ಬೇರೆ ಅನುದಾನವಿದೆ, ಒಂದು ಯೋಜನೆಗೆ 5 ಲಕ್ಷ ರೂಪಾಯಿವರೆಗೆ. ಪೂರ್ತಿ ಖರ್ಚು ಅದರಿಂದ ಬರುವುದಿಲ್ಲ, ಒಂದು ಪಾಲು ನಿಮ್ಮದೂ ಇರಬೇಕು. ಅಂದಾಜು ಪಟ್ಟಿಯಲ್ಲಿ ಪೆಂಡಾಲು, ಧ್ವನಿವರ್ಧಕಕ್ಕಿಂತ ಕಲಾವಿದರ ಸಂಭಾವನೆ ಹೆಚ್ಚಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಲಿಯುವ ಮಕ್ಕಳಿಗೆ

ಅಜ್ಜನ ಫೈಲು ಮಾಡುವಾಗಲೇ ಮೊಮ್ಮಗಳದ್ದನ್ನೂ ಮಾಡಿ. 10ರಿಂದ 14 ವರ್ಷದ ಮಕ್ಕಳಿಗೆ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಸಂಸ್ಥೆಯ ಪ್ರತಿಭಾ ವಿದ್ಯಾರ್ಥಿವೇತನ ಇದೆ. 18ರಿಂದ 25ರ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ, ಅದಕ್ಕೆ ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಕಲೆಯ ಕುರಿತು ಸಂಶೋಧನೆ ಮಾಡುವವರಿಗೆ ಫೆಲೋಶಿಪ್: 25ರಿಂದ 40ರೊಳಗಿನವರಿಗೆ ತಿಂಗಳಿಗೆ 10,000, ನಲವತ್ತು ದಾಟಿದವರಿಗೆ 20,000, ಇದೂ ಎರಡು ವರ್ಷ. ಐದು ವರ್ಷದ ಕಲಿಕೆಗೆ ಗುರುವೇ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮಗು ಕಲಿಯಲು ಕೂತ ಮೊದಲ ದಿನದ ತಾರೀಖನ್ನು ಗುರುವಿನ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ.

ಹಣ ಬಂದ ಮೇಲೆ

ಮೇಳಕ್ಕೆ ಬಂದ ಅನುದಾನಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು, ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಶಿಷ್ಯರಿಗೆ ಹಣ ನೇರ ಅವರ ಖಾತೆಗೇ ಹಾಕಿ, ಕೈಯಲ್ಲಿ ಕೊಡಬೇಡಿ. ಬಟ್ಟೆ, ಬಣ್ಣ, ಗೆಜ್ಜೆ ಕೊಂಡ ಪ್ರತಿ ರಸೀದಿಯನ್ನೂ ಅಂದೇ ಬಿಳಿ ಹಾಳೆಗೆ ಅಂಟಿಸಿ ದಿನಾಂಕ ಬರೆಯಿರಿ. ತಾಲೀಮಿಗೆ ಬಂದವರ ಸಹಿ ಪುಸ್ತಕ, ತಿಂಗಳಿಗೆ ನಾಲ್ಕು ಫೋಟೊ ಇದ್ದರೆ ಸಾಕು, ಯಾರು ಬಂದು ಕೇಳಿದರೂ ತೋರಿಸಬಹುದು. ಮಾಸಾಶನ ಪಡೆಯುವ ಹಿರಿಯರಿಗೆ ಲೆಕ್ಕದ ಗೊಡವೆ ಇಲ್ಲ, ಬದುಕಿದ್ದೇನೆ ಎಂಬ ಜೀವಿತ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು ಅಷ್ಟೆ. ಅದರ ತಾರೀಖನ್ನು ನಿಮ್ಮ ಫೋನಿನಲ್ಲಿ ನೆನಪಿಗೆ ಹಾಕಿಕೊಳ್ಳಿ, ಕರೆದುಕೊಂಡು ಹೋಗಬೇಕಾದವರು ನೀವೇ.

ಈ ಸಲದ ಜಾತ್ರೆಯ ಕರಪತ್ರದ ಕರಡು ಪ್ರೆಸ್ಸಿನಿಂದ ಬಂದಾಗ ನಾವು ಮೂರು ತಿದ್ದುಪಡಿ ಮಾಡಿದೆವು. ತಿಥಿ, ವಾರದ ಪಕ್ಕದಲ್ಲಿ ಇಸವಿ ಸೇರಿಸಿದೆವು. ಎಲ್ಲರ ಹೆಸರನ್ನೂ ಆಧಾರ್‌ನಲ್ಲಿ ಇದ್ದಂತೆ ಬರೆಸಿ, ಪಕ್ಕದಲ್ಲಿ ಊರು ಕರೆಯುವ ಹೆಸರು ಹಾಕಿಸಿದೆವು. ಇಷ್ಟು ವರ್ಷ "ಹಿಮ್ಮೇಳ ವೃಂದ" ಎಂದಷ್ಟೇ ಇದ್ದ ಜಾಗದಲ್ಲಿ ಮದ್ದಳೆ, ಹಾರ್ಮೋನಿಯಂ, ತಾಳದವರ ಹೆಸರನ್ನು ಒಂದೊಂದಾಗಿ ಅಚ್ಚು ಹಾಕಿಸಿದೆವು. ಹತ್ತು ಪ್ರತಿ ಹೆಚ್ಚಿಗೆ ಮಾಡಿಸಿ, ಒಬ್ಬೊಬ್ಬರ ಮನೆಗೆ ಒಂದೊಂದು ಕೊಟ್ಟು ಬಂದೆವು.